ಒಂದು ಕಿಲೋ ಜೋಳ, ಒಂದು ಕಿಲೋ ಕಲ್ಲಿದ್ದಲು

ಫೆಬ್ರುವರಿಯಲ್ಲಿ ನನ್ನ ಹೆಂಡತಿಗೆ ಮಂಡಿ ಆಪರೇಷನ್ ಆಯಿತು. ಮೂರು ತಿಂಗಳು ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಡಿ ಅಂದರು. ಹಾಗಾಗಿ ಅಡುಗೆಮನೆ ನನ್ನ ಕೈಗೆ ಬಂತು. ನಾನು ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ಥರ್ಮಲ್‌ನಲ್ಲಿ 34 ವರ್ಷ ಬಾಯ್ಲರ್ ನೋಡಿಕೊಂಡವನು. 2023ರಲ್ಲಿ ರಿಟೈರ್ ಆದೆ. ಐದು ನೂರು ಡಿಗ್ರಿ ದಾಟಿದ ಉಗಿಯ ಜೊತೆ ಅಷ್ಟು ವರ್ಷ ಏಗಿದವನಿಗೆ ಎರಡು ಬರ್ನರಿನ ಗ್ಯಾಸ್ ಒಲೆ ಯಾವ ಲೆಕ್ಕ ಅಂದುಕೊಂಡೆ. ಅನ್ನ ಆಯಿತು. ಬೇಳೆ ಆಯಿತು. ಎಣಗಾಯಿ ಕೂಡ ಒಂದು ಮಟ್ಟಕ್ಕೆ ಆಯಿತು. ಜೋಳದ ರೊಟ್ಟಿ ಮಾತ್ರ ಆಗಲಿಲ್ಲ.

ಮೊದಲ ದಿನ ಪರಾತದಲ್ಲಿ ಹಿಟ್ಟು ಹಾಕಿ, ನಲ್ಲಿ ನೀರು ಸುರಿದು ಕಲಸಿದೆ. ಚಪಾತಿಗೆ ಹಾಗೇ ಅಲ್ವಾ ಮಾಡೋದು? ಬಡಿಯಲು ಶುರು ಮಾಡಿದೆ, ಅಂಚು ಸೀಳಿತು. ಸೀಳಿದ ಕಡೆ ಬೆರಳಿನಿಂದ ಒತ್ತಿದೆ, ಇನ್ನೊಂದು ಕಡೆ ಸೀಳಿತು. ಎತ್ತಿ ಹೆಂಚಿಗೆ ಹಾಕಲು ಹೋದರೆ ಅರ್ಧ ಕೈಯಲ್ಲಿ, ಅರ್ಧ ಪರಾತದಲ್ಲಿ. ಪಡಸಾಲೆಯ ಮಂಚದ ಮೇಲಿದ್ದ ಅವ್ವ ಅಲ್ಲಿಂದಲೇ ಕೂಗಿದಳು.

"ತಣ್ಣೀರಾಗ ಕಲಿಸಿದಿ ಏನೋ ತಮ್ಮ? ಸಪ್ಪಳಾನೇ ಹೇಳ್ತದ."

ಅವ್ವನಿಗೆ 82. ಕಣ್ಣು ಅಷ್ಟಕ್ಕಷ್ಟೆ. ಕಿವಿ ಮಾತ್ರ ಶಾರ್ಪು. ಹದವಾದ ಹಿಟ್ಟು ಬಡಿದರೆ ಪಟ್ ಪಟ್ ಅಂತ ತುಂಬಿದ ಸಪ್ಪಳ ಬರುತ್ತದೆ. ನನ್ನದು ಒಡಕು ತಗಡು ಬಡಿದ ಹಾಗಿತ್ತಂತೆ. ಥರ್ಮಲ್‌ನಲ್ಲಿ ನಾವೂ ಹೀಗೇ ಮಾಡುತ್ತಿದ್ದೆವು. ಮೀಟರ್ ನೋಡುವ ಮೊದಲೇ ಫ್ಯಾನಿನ ಸಪ್ಪಳದಲ್ಲಿ ವ್ಯತ್ಯಾಸ ಗೊತ್ತಾಗುತ್ತಿತ್ತು. ಅವ್ವ ನನಗಿಂತ ಸೀನಿಯರ್ ಆಪರೇಟರ್ ಅಂತ ಅವತ್ತು ಒಪ್ಪಿಕೊಂಡೆ.

ಎರಡನೇ ದಿನ ಅವಳು ಹೇಳಿದ ಹಾಗೆ ಎಸರು ಇಟ್ಟೆ. ನೀರು ಕೊತಕೊತ ಕುದಿಯುವಾಗ ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದೆ. ಸೌಟಿನ ಹಿಂದಿನ ತುದಿಯಿಂದ ಕಲಕಿ, ಕೈ ತಾಳುವಷ್ಟು ಆರಿದ ಮೇಲೆ ನಾದಿದೆ. ಅಂಗೈ ಕೆಂಪಾಯಿತು. ಆದರೆ ಹಿಟ್ಟು ಬೇರೆಯದೇ ಆಗಿತ್ತು. ಹಿಡಿದರೆ ಹಿಡಿತಕ್ಕೆ ಬರುತ್ತಿತ್ತು, ಎಳೆದರೆ ಸ್ವಲ್ಪ ಬರುತ್ತಿತ್ತು. ಅವ್ವ ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಈಗ ಜಿಗಿ ಬಂತು" ಅಂದಳು.

ಈ ಜಿಗಿ ಎಲ್ಲಿಂದ ಬಂತು? ಗೋಧಿಯಲ್ಲಿ ಗ್ಲುಟೆನ್ ಇರುತ್ತದೆ, ಅದು ತಣ್ಣೀರಿನಲ್ಲೇ ಎಳೆ ಎಳೆಯಾಗಿ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಜೋಳದಲ್ಲಿ ಇರೋದು ಪಿಷ್ಟದ ಕಣ. ಅದು 70 ಡಿಗ್ರಿ ಆಸುಪಾಸಿಗೆ ಬಂದಾಗ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆ ಅಂಟೇ ಉಳಿದ ಹಿಟ್ಟನ್ನು ಹಿಡಿದು ನಿಲ್ಲಿಸೋದು. ತಣ್ಣೀರಿನಲ್ಲಿ ಎಷ್ಟು ನಾದಿದರೂ ಅದು ನೆನೆದ ಮರಳು ಇದ್ದ ಹಾಗೆ. ಅಂದರೆ ರೊಟ್ಟಿ ಹೆಂಚಿಗೆ ಬೀಳುವ ಮೊದಲೇ ಅದರ ಅರ್ಧ ಕೆಲಸ ಕಾವು ಮಾಡಿ ಮುಗಿಸಿರುತ್ತದೆ.

ಹೆಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈ ಸವರಬೇಕು. ಇದನ್ನು ಬಿಟ್ಟರೆ ಮೇಲಿನ ಒಣ ಹಿಟ್ಟು ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಉಗಿ ಸೋರಿ ಹೋಗುತ್ತದೆ, ರೊಟ್ಟಿ ಉಬ್ಬುವುದಿಲ್ಲ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಒಂದು ಚಮಚ ನೀರು ಸಾಕು, ರೊಟ್ಟಿ ಪುಗ್ಗೆ ಹಾಗೆ ಏಳಲು. ಸೋರದ ಹಾಗೆ ನೋಡಿಕೊಳ್ಳಬೇಕು ಅಷ್ಟೆ. ಬಾಯ್ಲರ್ ಟ್ಯೂಬ್ ಲೀಕ್ ಹುಡುಕುತ್ತಾ ನನ್ನ ಅರ್ಧ ಆಯಸ್ಸು ಹೋಗಿದೆ, ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ನನ್ನ ರೊಟ್ಟಿ ಪೂರ್ತಿ ಉಬ್ಬಿದ್ದು ಹನ್ನೊಂದನೇ ದಿನ. ಹೆಂಡತಿ ಕುರ್ಚಿಯಲ್ಲಿ ಕೂತು ನೋಡಿ, "ಅಂತೂ ಯೂನಿಟ್ ಲೈಟಪ್ ಆಯ್ತು ಬಿಡ್ರಿ" ಅಂದಳು. ಒಂದು ಬಾಯ್ಲರ್, ಟರ್ಬೈನ್ ಜೋಡಿಗೆ ನಾವು ಯೂನಿಟ್ ಅನ್ನುತ್ತೇವೆ, ಅದಕ್ಕೆ ಬೆಂಕಿ ಹಚ್ಚುವುದಕ್ಕೆ ಲೈಟಪ್. ಇಷ್ಟು ವರ್ಷ ನನ್ನ ಫೋನ್ ಮಾತು ಕೇಳಿ ಕೇಳಿ ಕಲಿತಿದ್ದಾಳೆ.

ಹೀಗೆ ಒಂದು ಮಧ್ಯಾಹ್ನ ಹಿಟ್ಟಿನ ಡಬ್ಬಿ ಮುಂದೆ ಕೂತಿದ್ದಾಗ ಒಂದು ಲೆಕ್ಕ ಹೊಳೆಯಿತು. ಒಂದು ಕಿಲೋ ಜೋಳದ ಹಿಟ್ಟಿನಲ್ಲಿ ಸುಮಾರು 3,400 ಕಿಲೋ ಕ್ಯಾಲೊರಿ ಶಕ್ತಿ ಇದೆ. ನಮ್ಮ ದೇಶದ ಥರ್ಮಲ್‌ಗಳಿಗೆ ಬರುವ ಕಲ್ಲಿದ್ದಲಿನಲ್ಲಿ ಎಷ್ಟು? ಬೂದಿ ಜಾಸ್ತಿ ಇರುವ ಮಾಲು, ಕಿಲೋಗೆ 3,500ರಿಂದ 4,000. ಹೆಚ್ಚೂಕಡಿಮೆ ಒಂದೇ! ಶಕ್ತಿನಗರದಲ್ಲಿ 210 ಮೆಗಾವ್ಯಾಟಿನ ಏಳು ಯೂನಿಟ್, 250ರದ್ದು ಒಂದು. ಮೊದಲನೆಯದು ಶುರುವಾಗಿದ್ದು 1985ರಲ್ಲಿ. 210ರ ಒಂದು ಯೂನಿಟ್ ಪೂರ್ತಿ ಲೋಡಿನಲ್ಲಿ ಗಂಟೆಗೆ 130 ಟನ್ ಆಸುಪಾಸು ಕಲ್ಲಿದ್ದಲು ತಿನ್ನುತ್ತದೆ. ಅಷ್ಟೇ ತೂಕದ ಜೋಳ ಹಾಕಿದರೂ ಹೆಚ್ಚೂಕಡಿಮೆ ಅಷ್ಟೇ ಕಾವು. ಇದನ್ನು ಹೆಂಡತಿಗೆ ಹೇಳಿದೆ. "ಹಂಗಂತ ನಮ್ಮ ಹಿಟ್ಟು ಒಯ್ದು ಅಲ್ಲಿ ಹಾಕಬ್ಯಾಡ್ರಿ" ಅಂದಳು.

ಇಲ್ಲಿಂದ ಮುಂದಿನದು ನನಗೆ ಮುಖ್ಯ. ಕಲ್ಲಿದ್ದಲಿನ ಶಕ್ತಿಯಲ್ಲಿ ಕರೆಂಟ್ ಆಗುವುದು ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಬರೀ ಕಾವು. ಸ್ವಲ್ಪ ಚಿಮಣಿಯಲ್ಲಿ ಹೋಗುತ್ತದೆ, ಜಾಸ್ತಿ ಹೋಗುವುದು ತಂಪು ಮಾಡುವ ನೀರಿನಲ್ಲಿ. ಟರ್ಬೈನ್ ತಿರುಗಿಸಿ ಬಂದ ಉಗಿಯನ್ನು ಕಂಡೆನ್ಸರ್‌ನಲ್ಲಿ ಮತ್ತೆ ನೀರು ಮಾಡಬೇಕು. ಅದರ ಕಾವನ್ನು ಹೊತ್ತ ನೀರು ಕೂಲಿಂಗ್ ಟವರ್‌ಗೆ ಹೋಗಿ, ಸ್ವಲ್ಪ ಆವಿಯಾಗಿ, ಉಳಿದದ್ದು ತಣ್ಣಗಾಗಿ ವಾಪಸ್ ಬರುತ್ತದೆ. ರಸ್ತೆಯಿಂದ ನೋಡಿದವರು ಟವರ್ ಮೇಲಿನ ಬಿಳಿಯನ್ನು ಹೊಗೆ ಅಂದುಕೊಳ್ಳುತ್ತಾರೆ. ಅದು ಹೊಗೆ ಅಲ್ಲ, ಕೃಷ್ಣಾ ನದಿಯ ನೀರು. ಥರ್ಮಲ್ ಬೆವರುತ್ತಿದೆ, ಅಷ್ಟೆ.

ಹೊಸ ಹುಡುಗರು ಬಾಯ್ಲರ್ ಅಂದರೆ ಬೆಂಕಿ ಹಾಕುವ ಕೆಲಸ ಅಂತ ಬರುತ್ತಿದ್ದರು. ಬೆಂಕಿ ಹಾಕೋದು ಸುಲಭ. ಮೇ ತಿಂಗಳಲ್ಲಿ ಕೂಲಿಂಗ್ ನೀರೇ ಬಿಸಿಯಾಗಿ ಬರುತ್ತದೆ. ಕಂಡೆನ್ಸರ್ ವ್ಯಾಕ್ಯೂಮ್, ಅಂದರೆ ಟರ್ಬೈನಿನಿಂದ ಉಗಿಯನ್ನು ಎಳೆದುಕೊಳ್ಳುವ ನಿರ್ವಾತ, ಬೀಳುತ್ತದೆ. ಅಷ್ಟೇ ಕಲ್ಲಿದ್ದಲು ಉರಿಸಿದರೂ ಕರೆಂಟ್ ಕಡಿಮೆ. ತೀರಾ ಬಿದ್ದರೆ ಲೋಡ್ ಇಳಿಸಬೇಕು, ಅಂದರೆ ಕರೆಂಟ್ ತೆಗೆಯುವುದನ್ನೇ ಕಡಿಮೆ ಮಾಡಬೇಕು. ಊರೆಲ್ಲಾ ಕೂಲರ್ ಹಾಕಿಕೊಂಡು ಕರೆಂಟ್ ಕರೆಂಟ್ ಅನ್ನುವ ದಿನವೇ ನಮ್ಮ ಮಷೀನಿಗೆ ಉಸಿರು ಕಟ್ಟುತ್ತದೆ. ತಲೆನೋವು ಯಾವಾಗಲೂ ಕಾವು ಹುಟ್ಟಿಸುವುದರಲ್ಲಿ ಇರಲಿಲ್ಲ, ಅದನ್ನು ಹೊರಗೆ ಹಾಕುವುದರಲ್ಲಿ ಇತ್ತು.

ಮೈಯದೂ ಇದೇ ಕಥೆ. ನಾವು ದಿನಕ್ಕೆ 2,000 ಕಿಲೋ ಕ್ಯಾಲೊರಿ ಉಂಡರೆ, ಅದು ಇಪ್ಪತ್ನಾಲ್ಕು ಗಂಟೆಯೂ ಉರಿಯುವ 100 ವ್ಯಾಟಿನ ಹಳೇ ಕಾಲದ ಬಲ್ಬಿಗೆ ಸಮ. ಕೆಲಸ ಮಾಡುವಾಗ ಸ್ನಾಯುಗಳು ಅದರಲ್ಲಿ ಐದರಲ್ಲಿ ಒಂದು, ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲನ್ನು ಕೆಲಸವಾಗಿ ಕೊಡುತ್ತವೆ. ಥರ್ಮಲ್‌ಗಿಂತ ಕಡಿಮೆ! ಉಳಿದದ್ದೆಲ್ಲ ಕಾವು. 60 ಕಿಲೋ ತೂಕದ ಮನುಷ್ಯನ ಮೈ ಒಂದು ಡಿಗ್ರಿ ಬಿಸಿಯಾಗಲು ಸುಮಾರು 50 ಕಿಲೋ ಕ್ಯಾಲೊರಿ ಸಾಕು. ಕಾವು ಹೊರಗೆ ಹೋಗುವ ದಾರಿ ಎಲ್ಲ ಮುಚ್ಚಿದರೆ, ಸುಮ್ನೆ ಕೂತವನ ಮೈಯೇ ಗಂಟೆಗೆ ಒಂದೂವರೆ ಡಿಗ್ರಿ ಏರುತ್ತದೆ. ಗುದ್ದಲಿ ಹಿಡಿದು ದುಡಿಯುವವನದು ಐದಾರು ಡಿಗ್ರಿ. ಮೈಯ ಕಾವು 37. ನಲವತ್ತು ದಾಟಿದರೆ ಮಿದುಳು ತಪ್ಪಲು ಶುರು. ಲೆಕ್ಕ ನೀವೇ ಹಾಕಿ.

ಈ ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದ ವರ್ಷ ಮೇ ತಿಂಗಳಲ್ಲಿ ನಾನು ಮಾಡಿದ ಕೆಲಸ ಹೇಳುತ್ತೇನೆ.

ನಮ್ಮ ಕಾಕಾನಿಗೆ 67. ಒಬ್ಬನೇ ತಿಪ್ಪೆ ಗೊಬ್ಬರ ಹೊಲಕ್ಕೆ ಹರಡುತ್ತಿದ್ದ. ಟ್ರ್ಯಾಕ್ಟರಿನವನು ಗುಡ್ಡೆ ಗುಡ್ಡೆ ಸುರಿದು ಹೋಗಿದ್ದ. ಕಾಕಾ ಹಟವಾದಿ, ಇವತ್ತೇ ಮುಗಿಸುತ್ತೇನೆ ಅಂತ ಒಂದು ಗಂಟೆವರೆಗೆ ನಿಂತಿದ್ದ. ಅವತ್ತು 42 ಡಿಗ್ರಿ. ಗಾಳಿ ಬೀಸಿದರೆ ಇಟ್ಟಿಗೆ ಭಟ್ಟಿಯ ಬಾಗಿಲು ತೆಗೆದ ಹಾಗೆ. ಸಣ್ಣವ್ವ ಬುತ್ತಿ ತಗೊಂಡು ಹೋದಾಗ ಅವನು ಗೊಬ್ಬರದ ಗುಡ್ಡೆ ಪಕ್ಕ ಕೂತು ಯಾರಿಗೋ ಬೈಯುತ್ತಿದ್ದನಂತೆ. ಅಲ್ಲಿ ಯಾರೂ ಇರಲಿಲ್ಲ.

ನಾನು ಮುಟ್ಟುವ ಹೊತ್ತಿಗೆ ನಾಲ್ಕು ಜನ ಸೇರಿ ಅವನನ್ನು ಪಂಪ್‌ಸೆಟ್ಟಿನ ತಗಡಿನ ಶೆಡ್ಡಿನೊಳಗೆ ಮಲಗಿಸಿದ್ದರು. ನೆರಳು ಅಂತ. ಒಳಗೆ ಕಾಲಿಟ್ಟರೆ ನೆತ್ತಿ ಸುಡುತ್ತಿತ್ತು. ಕಾದ ತಗಡು ಕೆಳಗಿದ್ದವನ ಮೇಲೆ ಕಾವು ಸುರಿಯುತ್ತಲೇ ಇರುತ್ತದೆ. "ಬೇವಿನ ಗಿಡದ ಕೆಳಗ ಒಯ್ಯಿರಿ" ಅಂದೆ. ಅಷ್ಟರಮಟ್ಟಿಗೆ ಬುದ್ಧಿ ಓಡಿತು. ಬೇವು ಆಳದ ನೀರು ಎಳೆದು ಎಲೆಯಿಂದ ಬಿಡುತ್ತಾ ಇರುತ್ತದೆ, ಹಾಗಾಗಿ ಅದರ ಎಲೆ ತಗಡಿನ ಹಾಗೆ ಕಾಯುವುದಿಲ್ಲ. ನೆರಳಿನಲ್ಲೂ ಜಾತಿ ಇದೆ.

ಕಾಕಾನ ಮೈ ಮುಟ್ಟಿದೆ. ಕಾದ ಹೆಂಚು. ಬೆವರಿನ ಪಸೆಯೂ ಇಲ್ಲ. ಅಂಗಿಯ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ, ನಕಾಶೆ ಬಿಡಿಸಿದ ಹಾಗೆ. ಅಂದರೆ ಬೆವರಿದ್ದಾನೆ, ಸಿಕ್ಕಾಪಟ್ಟೆ ಬೆವರಿದ್ದಾನೆ, ಈಗ ನಿಂತಿದೆ. ನಾನೇನು ಮಾಡಿದೆ? ಜೇಬಿನಲ್ಲಿದ್ದ ಜ್ವರದ ಗುಳಿಗೆ ತೆಗೆದೆ. ಬಾಯಿಗೆ ನೀರು ಹಾಕಿ ನುಂಗಿಸಲು ನೋಡಿದೆ. ಅರ್ಧ ಎಚ್ಚರದಲ್ಲಿದ್ದವನಿಗೆ ನೀರು ಗಂಟಲಲ್ಲಿ ತಪ್ಪಿ ಕೆಮ್ಮಿದ. ಮುಖ ನೀಲಿಯಾಯಿತು. ಕೈ ನಡುಗಿ ಬಾಟಲಿ ಕೆಳಗೆ ಬಿತ್ತು. ಆ ಬಾಟಲಿ ಬಿದ್ದಿದ್ದೇ ಒಳ್ಳೆಯದಾಯಿತು.

ಪಕ್ಕದ ಹೊಲದ ಹುಡುಗ ಒಬ್ಬ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಏನೂ ಕೇಳದೆ ಪಂಪ್ ಚಾಲೂ ಮಾಡಿ ಪೈಪ್ ಎಳೆದು ತಂದು ಕಾಕಾನ ಎದೆ ಮೇಲೆ ನೀರು ಬಿಟ್ಟ. ಎಮ್ಮೆಗೆ ಹೊಡೆದ ಹಾಗೆ. ಸಣ್ಣವ್ವ ಸೆರಗಿನಿಂದ ಗಾಳಿ ಬೀಸಿದಳು. ಟಂಟಂನಲ್ಲಿ ಹಾಕಿಕೊಂಡು ಹೋಗುವಾಗಲೂ ಒದ್ದೆ ಟವೆಲ್ ಮೈಮೇಲೆ ಇತ್ತು, ಓಡುವ ಗಾಡಿಯ ಗಾಳಿ ಇತ್ತು. ಆಸ್ಪತ್ರೆಯಲ್ಲಿ ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಟ್ಟರು. ಆಮೇಲೂ ಕಾವು ನೋಡಿದರೆ 40ರ ಮೇಲೇ ಇತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು. ಗುಳಿಗೆ ವಿಷಯ ಹೇಳಿದೆ. ಬೈಯಲಿಲ್ಲ, ಆದರೆ ನೇರವಾಗಿ ಹೇಳಿದರು. "ಇದು ಜ್ವರ ಅಲ್ರಿ. ಜ್ವರದಾಗ ಮೈಯೇ ತನ್ನ ಸೆಟ್ಟಿಂಗ್ ಮ್ಯಾಲೆ ಮಾಡ್ಕೊಂಡಿರ್ತದ. ಗುಳಿಗಿ ಆ ಸೆಟ್ಟಿಂಗ್ ಇಳಸ್ತದ. ಇವರ ಸೆಟ್ಟಿಂಗ್ ಸರಿನೇ ಅದ. ಕಾವು ಹೊರಗ ಹೋಗವಲ್ದು. ಗುಳಿಗಿ ಏನು ಮಾಡ್ತದ? ಎಚ್ಚರ ತಪ್ಪಿದವರ ಬಾಯಾಗ ನೀರು ಅಂತೂ ಹಾಕಲೇಬ್ಯಾಡ್ರಿ."

ನನಗೆ ನಾಚಿಕೆಯಾಯಿತು. ಕಂಡೆನ್ಸರ್ ಕೆಟ್ಟರೆ ಯಾರಾದರೂ ಥರ್ಮಾಮೀಟರ್ ರಿಪೇರಿ ಮಾಡುತ್ತಾರಾ? ನಾನು ಮಾಡಿದ್ದು ಅದನ್ನೇ. ಕಾಕಾ ಬಿಪಿಗೆ ಮೂತ್ರ ಹೆಚ್ಚು ಹೋಗುವ ಗುಳಿಗೆಯನ್ನೂ ತಗೊಳ್ಳುತ್ತಿದ್ದ, ಅದೂ ಮೈಯ ನೀರು ಇಳಿಸಿತ್ತು ಅಂದರು. ಐದು ದಿನ ಇಟ್ಟುಕೊಂಡು ದಿನಾ ಕಿಡ್ನಿ ಟೆಸ್ಟ್ ಮಾಡಿ ಕಳಿಸಿದರು. ಬದುಕಿದ. ಆ ಒಂದು ಗಂಟೆ ಅವನಿಗೆ ಇವತ್ತಿಗೂ ನೆನಪಿಲ್ಲ. ಯಾರಿಗೆ ಬೈಯುತ್ತಿದ್ದೆ ಅಂತ ಅವನೇ ನಮ್ಮನ್ನು ಕೇಳುತ್ತಾನೆ.

ನಮ್ಮ ರಾಯಚೂರಿನ ಬಿಸಿಲಿನ ಮೋಸ ಏನಂದರೆ, ಬೆವರು ಕಾಣುವುದೇ ಇಲ್ಲ. ಮಂಗಳೂರಿನಲ್ಲಿ ನನ್ನ ಮಗಳ ಮನೆಗೆ ಹೋದರೆ 34 ಡಿಗ್ರಿಗೇ ಅಂಗಿ ತೊಯ್ದು ತೊಪ್ಪೆ. ಅಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಏನೂ ತಂಪು ಮಾಡುವುದಿಲ್ಲ, ಬರೀ ನೀರು ಹಾಳು. ಇಲ್ಲಿ ಹುಟ್ಟಿದ ಕ್ಷಣವೇ ಆರಿಹೋಗುತ್ತದೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಕಾವು ಹೊತ್ತುಕೊಂಡು ಹೋಗುತ್ತದೆ. ನನ್ನ ಮೂರು ರೊಟ್ಟಿಯ ಲೆಕ್ಕ ಅದು! ಅಷ್ಟು ಒಳ್ಳೆಯ ಕೂಲಿಂಗ್ ಟವರ್ ನಮ್ಮ ಚರ್ಮ. ಆದರೆ ಚರ್ಮ ಒಣಗಿಯೇ ಇರುವುದರಿಂದ ನಾನೇನು ಬೆವರುತ್ತಿಲ್ಲ, ನೀರೇನು ಬೇಕಾಗಿಲ್ಲ ಅಂದುಕೊಳ್ಳುತ್ತೇವೆ. ಕಾಕಾನೂ ಹಾಗೇ ಅಂದುಕೊಂಡಿದ್ದ. ಅಂಗಿಯ ಉಪ್ಪು ನೋಡಬೇಕು, ಸುಳ್ಳು ಹೇಳದ ಮೀಟರ್ ಅದೊಂದೇ.

ಉಪ್ಪು ಹೋಗಿದ್ದಕ್ಕೆ ಅವ್ವನ ಹತ್ತಿರ ಮೊದಲಿನಿಂದ ಒಂದೇ ಔಷಧಿ. ಜೋಳದ ನುಚ್ಚಿನ ಅಂಬಲಿ, ಅದಕ್ಕೆ ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ. ಆಸ್ಪತ್ರೆಯವರು ಹೇಳಿಕೊಟ್ಟ ಮನೆ ಓಆರ್‌ಎಸ್ಸು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ಯಾಕೆ ಅಂದರೆ ಕರುಳು ಉಪ್ಪನ್ನು ಸಕ್ಕರೆ ಜೊತೆ ಬೇಗ ಒಳಗೆ ಎಳೆದುಕೊಳ್ಳುತ್ತದೆ, ನೀರು ಅದರ ಹಿಂದೆ ಬರುತ್ತದೆ. ಅಂಬಲಿಯಲ್ಲಿ ಆ ಕೆಲಸ ಜೋಳದ ಪಿಷ್ಟ ಮಾಡುತ್ತದೆ. ಅವ್ವನಿಗೆ ಈ ವಿವರಣೆ ಕೊಟ್ಟೆ. "ಹೌದಾ" ಅಂದು ಅಂಬಲಿ ಕುಡಿದಳು.

ಆದರೆ ಅವಳ "ಉಷ್ಣ" ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಮಾವಿನಹಣ್ಣು ಉಷ್ಣ, ಹುರುಳಿ ಉಷ್ಣ, ಮೊಟ್ಟೆ ಉಷ್ಣ. ಉರಿಮೂತ್ರ ಆದರೂ ಉಷ್ಣ, ಬಾಯಲ್ಲಿ ಹುಣ್ಣಾದರೂ ಉಷ್ಣ. ಉರಿಮೂತ್ರ ಎಷ್ಟೋ ಸಲ ನೀರು ಕಡಿಮೆ ಕುಡಿದದ್ದಕ್ಕೆ ಆಗುವುದು, ಮಾವಿನಹಣ್ಣಿನ ತಪ್ಪು ಏನೂ ಇಲ್ಲ. ಆದರೂ ಒಂದು ವಿಷಯದಲ್ಲಿ ಅವಳ ಕಡೆಗೆ ವಾಲಿದ್ದೇನೆ. ಉಂಡದ್ದನ್ನು ಅರಗಿಸುವ ಕೆಲಸವೇ ಕಾವು ಹುಟ್ಟಿಸುತ್ತದೆ, ಉಂಡ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಮಾಂಸ, ಮೊಟ್ಟೆ, ಕಾಳುಗಳಲ್ಲಿರುವ ಪ್ರೋಟೀನಿಗೆ ಇನ್ನೂ ಜಾಸ್ತಿ. ಬ್ಯಾಸಿಗೆಯಲ್ಲಿ ಊಟ ಸೇರುವುದಿಲ್ಲ ಅನ್ನುತ್ತೇವಲ್ಲ, ಮೈ ತಾನೇ ಲೋಡ್ ಇಳಿಸುತ್ತಿದೆ.

ಪಕ್ಕದ ಮನೆಯ ಎಮ್ಮೆಯೂ ಅದನ್ನೇ ಮಾಡುತ್ತದೆ. ಮೇವು ಮೆಲುಕು ಹಾಕಿದರೆ ಹೊಟ್ಟೆಯಲ್ಲಿ ಹುಳಿತು ಕಾವು ಏರುತ್ತದೆ. ಹಾಗಾಗಿ ಏಪ್ರಿಲ್ ಬಂತೆಂದರೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಕರೀ ಮೈ, ಕೂದಲು ಕಡಿಮೆ, ಬೆವರು ಗ್ರಂಥಿ ಆಕಳಿಗಿಂತ ತುಂಬಾ ಕಡಿಮೆ. ಅದಕ್ಕೆ ಕೆಸರು ಬೇಕೇ ಬೇಕು. ಮೈಗೆ ಮೆತ್ತಿದ ಕೆಸರು ನಿಧಾನಕ್ಕೆ ಆರುತ್ತಾ ಇರುತ್ತದೆ, ಎರವಲು ತಂದ ಬೆವರು ಅದು. ಹೊಂಡ ಬತ್ತಿದ ಮೇಲೆ ಪಕ್ಕದ ಮನೆಯವರು ದಿನಕ್ಕೆ ಎರಡು ಸಲ ಪೈಪಿನಿಂದ ನೀರು ಹೊಡೆಯುತ್ತಾರೆ. ಆವತ್ತು ಹೊಲದಲ್ಲಿ ಪಂಪ್ ಚಾಲೂ ಮಾಡಿದ ಹುಡುಗ ಇದೇ ಮನೆಯವನು. ಎಲ್ಲಿ ಕಲಿತೆ ಅಂತ ಕೇಳಿದರೆ ನಕ್ಕು ಎಮ್ಮೆ ಕಡೆ ಕೈ ತೋರಿಸಿದ.

ಮೊಸರಿನ ವಿಷಯದಲ್ಲಿ ಮಾತ್ರ ನಮ್ಮೂರ ಬಿಸಿಲಿಗೆ ಕೈ ಮುಗಿಯಬೇಕು. ಹೆಪ್ಪಿನ ಬ್ಯಾಕ್ಟೀರಿಯಾಗೆ 40ರಿಂದ 45 ಡಿಗ್ರಿ ಹಬ್ಬ. ಮೇ ತಿಂಗಳಲ್ಲಿ ಅಡುಗೆಮನೆಯೇ ಆ ಹದಕ್ಕೆ ಬಂದಿರುತ್ತದೆ. ಮಧ್ಯಾಹ್ನ ಹೆಪ್ಪು ಹಾಕಿದರೆ ಸಂಜೆ ಚಹಾದ ಹೊತ್ತಿಗೆ ಗಟ್ಟಿ ಮೊಸರು. ಆದರೆ ಅಲ್ಲಿಗೆ ನಿಲ್ಲಬೇಕಲ್ಲ? ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಹುಳಿ. ಮೊದಲ ವಾರ ಎರಡು ಸಲ ಹೀಗೆ ಕೆಡಿಸಿದೆ. ಈಗ ಕಡಲೆಕಾಳಿನಷ್ಟೇ ಹೆಪ್ಪು ಹಾಕಿ, ಪಾತ್ರೆಯನ್ನು ನೀರಿನ ಪರಾತದಲ್ಲಿಟ್ಟು, ಮೇಲೆ ಒದ್ದೆ ಅರಿವೆ ಹೊದಿಸುತ್ತೇನೆ. ಮತ್ತೆ ಅದೇ ಬೆವರಿನ ಉಪಾಯ. ಗಡಿಗೆಯೂ ಅಷ್ಟೆ. ಆದರೆ ಗಡಿಗೆ ಜಿನುಗಬೇಕು. ಹೋದ ವರ್ಷ ನಾನು ಚೆಂದ ಕಂಡಿತು ಅಂತ ಬಣ್ಣ ಬಳಿದು ಹೂವು ಬಿಡಿಸಿದ ಗಡಿಗೆ ತಂದೆ. ನೀರು ತಣ್ಣಗೇ ಆಗಲಿಲ್ಲ. ಬಣ್ಣ ರಂಧ್ರ ಮುಚ್ಚಿತ್ತು. ಈಗ ಅದರಲ್ಲಿ ಉಳ್ಳಾಗಡ್ಡಿ ಇದೆ.

ಇಷ್ಟೆಲ್ಲ ಬಿಸಿಲಿನಲ್ಲಿ ನಾವು ಬೆಳಗ್ಗೆ ಎಂಟಕ್ಕೆ ಏನು ತಿನ್ನುತ್ತೇವೆ? ಮಂಡಾಳ (ಮಂಡಕ್ಕಿ) ವಗ್ಗರಣಿ, ಪಕ್ಕಕ್ಕೆ ಬಿಸಿ ಎಣ್ಣೆಯಿಂದ ಎತ್ತಿದ ಮಿರ್ಚಿ. ಬೇರೆ ಊರಿನವರಿಗೆ ಇದು ಹುಚ್ಚು. ಮೆಣಸಿನಕಾಯಿಯ ಖಾರ ನಿಜವಾದ ಕಾವಲ್ಲ. ನಾಲಿಗೆಯಲ್ಲಿ ಸುಮಾರು 43 ಡಿಗ್ರಿ ದಾಟಿದರೆ "ಸುಡುತ್ತಿದೆ" ಅಂತ ಸುದ್ದಿ ಕಳಿಸುವ ಒಂದು ರಿಸೆಪ್ಟರ್ (ಸಂವೇದಕ) ಇದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದೇ ಗುಂಡಿ ಒತ್ತುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಹಂಚಿಕೆಯಲ್ಲಿ ಬಂತು. ಮೆದುಳು ನಂಬಿ ಬೆವರು ಬಿಡುತ್ತದೆ, ಮೂಗು ಸೋರುತ್ತದೆ. ಸುಳ್ಳು ಅಲಾರ್ಮ್, ನಿಜವಾದ ಕೂಲಿಂಗ್. ಕಂಟ್ರೋಲ್ ರೂಮಿನಲ್ಲಿ ನಾನು ಇಂಥ ಸುಳ್ಳು ಅಲಾರ್ಮ್ ಎಷ್ಟು ನೋಡಿಲ್ಲ! ಒಂದೂ ಇಷ್ಟು ರುಚಿಯಾಗಿರಲಿಲ್ಲ.

ಮನೆ ವಿಷಯ ಬರೆಯಬಾರದು ಅಂದುಕೊಂಡಿದ್ದೆ. 2006ರಲ್ಲಿ ಅಪ್ಪ ಕಟ್ಟಿದ್ದ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸಿದೆ. ಜಂತಿ, ಅದರ ಮೇಲೆ ಒಂದೂವರೆ ಅಡಿ ಮಣ್ಣು ಇದ್ದ ಮಾಳಿಗೆ ಅದು. ಹಗಲಿನ ಕಾವು ಮಣ್ಣು ದಾಟಿ ಕೆಳಗೆ ಬರುವಷ್ಟರಲ್ಲಿ ರಾತ್ರಿಯಾಗಿ, ಹೊರಗಿನ ಗಾಳಿ ತಣ್ಣಗಾಗಿರುತ್ತಿತ್ತು. ಐದು ಇಂಚಿನ ಸ್ಲ್ಯಾಬು ಮಧ್ಯಾಹ್ನ ಮೂರಕ್ಕೇ ಕಾದು, ರಾತ್ರಿ ಹನ್ನೊಂದರವರೆಗೆ ನಮ್ಮ ಮೇಲೆ ಕಾವು ಇಳಿಸುತ್ತದೆ. ಮೇಲೆ ಫ್ಯಾನು ಅದೇ ಬಿಸಿ ಗಾಳಿಯನ್ನು ಕಲಕುತ್ತದೆ. ಅವ್ವ ಅವತ್ತಿನಿಂದ ಬ್ಯಾಸಿಗೆ ಬಂದರೆ ಮಂಚ ಅಂಗಳಕ್ಕೆ ಹಾಕಿಸಿಕೊಳ್ಳುತ್ತಾಳೆ. ಒಂದು ಸಲವೂ ನನ್ನನ್ನು ಅಂದಿಲ್ಲ. ಕಾವಿನ ಕೆಲಸ ಮಾಡಿದವನು ಕಟ್ಟಿಸಿದ ಮನೆ ಅಂತ ಊರವರು ಅನ್ನುತ್ತಾರೆ.

ಈ ವರ್ಷ ಸ್ಲ್ಯಾಬಿಗೆ ಸುಣ್ಣ ಬಳಿಯುತ್ತಿದ್ದೇನೆ. ಬಿಳಿ ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ. ಮೊದಲ ಕೋಟ್ ಆದ ಮೇಲೆ ಮಧ್ಯಾಹ್ನ ಒಳಗಿನಿಂದ ಸ್ಲ್ಯಾಬ್ ಮುಟ್ಟಿ ನೋಡಿದೆ, ಕೈ ಇಡುವ ಹಾಗಿತ್ತು. ಅದಕ್ಕೂ ಮೊದಲು ಇಡಲು ಆಗುತ್ತಿರಲಿಲ್ಲ. ಎರಡನೇ ಕೋಟ್ ಭಾನುವಾರ. ಕಾಕಾ ಫೋನ್ ಮಾಡಿ ತಾನೂ ಬರುತ್ತೇನೆ ಅಂದ. ಬೇಡ ಅಂದೆ.

"ನಸಿಕಿನ್ಯಾಗ ನಾಕಕ್ಕ ಬರ್ತೀನೋ" ಅಂದ. "ಏಳಕ್ಕ ಇಳಿದು ಹೋಗ್ತೀನಿ. ರೊಟ್ಟಿ ನೀನೇ ಮಾಡ್ತಿ ಅಂತಲ್ಲ, ಎರಡು ಇಟ್ಟಿರು."